ಮಾವನ ಹಳೆಯ ಆರ್ಚ್‌ಟಾಪ್ ಗಿಟಾರ್: ಕುದುರೆ ಅಂಟಿಸಿಬಿಡಲೇ?

ಬಳ್ಳಾರಿ ಬಿಸಿಲು:
ಬಳ್ಳಾರಿಯ ಕೌಲ್ ಬಜಾರಿನಿಂದ ಬರೆಯುತ್ತಿದ್ದೇನೆ. ನನ್ನ ಸೋದರಮಾವ ಆರ್ಕೆಸ್ಟ್ರಾಗಳಲ್ಲಿ ಗಿಟಾರ್ ನುಡಿಸುತ್ತಿದ್ದರು. ಗುಂತಕಲ್ಲಿನ ರೈಲ್ವೆ ಗಾರ್ಡ್ ಒಬ್ಬರು ಊರು ಬಿಡುವಾಗ ಅವರಿಗೆ ಕೊಟ್ಟು ಹೋದ ವಾದ್ಯ ಅದು. ಮಾವ ಹೋಗಿ ಆರು ವರ್ಷವಾಯಿತು. ಕಳೆದ ತಿಂಗಳು ಅತ್ತೆ ಬೀರುವಿನ ಮೇಲಿಂದ ಪೆಟ್ಟಿಗೆ ಇಳಿಸಿ, "ನೀನಾದರೂ ತೆಗೆದುಕೊಂಡು ಹೋಗು, ಧೂಳು ಒರೆಸಿ ನನಗೆ ಸಾಕಾಗಿದೆ" ಎಂದರು.

ಮುಚ್ಚಳ ತೆರೆದೊಡನೆ ಗಮ್ಮೆಂದು ಕರ್ಪೂರದ ವಾಸನೆ. ಹುಳು ಹತ್ತದಿರಲೆಂದು ಅತ್ತೆಯೇ ಇಟ್ಟಿರಬೇಕು ಎಂದುಕೊಂಡೆ. ಅವರು ಇಟ್ಟೇ ಇಲ್ಲವಂತೆ.

ಆರ್ಚ್‌ಟಾಪ್ ಅಲ್ಲವೇ, ಹೊಟ್ಟೆ ಪಿಟೀಲಿನ ಹಾಗೆ ಉಬ್ಬಿದೆ, ಎರಡೂ ಕಡೆ ಎಫ್ ಆಕಾರದ ಸೀಳುಗಳಿವೆ. ಒಳಗೆ ಹುಳು ತಿಂದು ಉಳಿದ ಚೀಟಿಯಲ್ಲಿ "ಹಾಫ್ನರ್" ಎಂದು ಓದಬಹುದು. ಹಿಂಬದಿಯಲ್ಲಿ "ಪಶ್ಚಿಮ ಜರ್ಮನಿ" ಎಂಬ ಮುದ್ರೆ ಇದೆ. ಅಲ್ಲಾಡಿಸಿದರೆ ಕಟಕಟ ಎನ್ನುತ್ತದೆ. ಟಾರ್ಚ್ ಬಿಟ್ಟು ನೋಡಿದೆ: ನಮ್ಮೂರಿನ ಕೆಂಪು ಗಣಿ ಧೂಳು ಒಂದು ಪದರ, ಮೂಲೆಯಲ್ಲಿ ಎರೆಮಣ್ಣಿನ ಕಣಜದ ಗೂಡು. ಬೆರಳು ತಾಗದಿರಲೆಂದು ಹಾಕಿರುವ ಆಮೆಚಿಪ್ಪಿನ ಬಣ್ಣದ ತಟ್ಟೆ ಹಪ್ಪಳದಂತೆ ಪುಡಿಯಾಗುತ್ತಿದೆ. ಅದರ ಪಕ್ಕದ ಲೋಹಕ್ಕೆಲ್ಲ ಹಸಿರು ಕಿಲುಬು. ಕತ್ತಿನ ಮೇಲಿನ ಹನ್ನೆರಡನೇ ಮೆಟ್ಟಿಲಿನ (ಫ್ರೆಟ್) ಮೇಲೆ ತಂತಿ ಐದು ಮಿಲಿಮೀಟರ್ ಎತ್ತರದಲ್ಲಿ ನಿಂತಿದೆ. ಒತ್ತಿದರೆ ಬೆರಳಿಗೆ ಬರೆ.

ಎಲ್ಲಕ್ಕಿಂತ ಗಾಬರಿಯಾದದ್ದು, ತಂತಿ ಸಡಿಲಿಸಿದಾಗ ಕುದುರೆ, ಅಂದರೆ ತಂತಿಗಳನ್ನು ಹೊತ್ತು ನಿಲ್ಲುವ ತುಂಡು, ಕಳಚಿ ಮಡಿಲಿಗೆ ಬಿದ್ದದ್ದು. ಇಲ್ಲಿನ ಅಂಗಡಿಯವರು, "ಅಂಟು ಬಿಟ್ಟಿದೆ, ಗಟ್ಟಿಯಾಗಿ ಅಂಟಿಸಿ, ಮೇಲೆ ಪಾಲಿಶ್ ಹೊಡೆದು ಹೊಸದು ಮಾಡಿಕೊಡುತ್ತೇನೆ, ನಾಲ್ಕು ಸಾವಿರ" ಎಂದಿದ್ದಾರೆ. ಆದರೆ ಕುದುರೆ ಇದ್ದ ಜಾಗದಲ್ಲಿ ಕೂದಲೆಳೆಯಷ್ಟು ಸಣ್ಣ ಎರಡು ಪೆನ್ಸಿಲ್ ಗೆರೆಗಳಿವೆ. ಒಂದರ ಪಕ್ಕ 11, ಇನ್ನೊಂದರ ಪಕ್ಕ 12. ಅಂಕಿ ಮಾವನದೇ. ನವೆಂಬರ್, ಡಿಸೆಂಬರ್ ಇರಬೇಕೆಂದು ನನ್ನ ಮಗನ ಸಂಶೋಧನೆ. ಅಂಟಿಸಲು ಕೊಡಲೇ?

ಪೆಟ್ಟಿಗೆ ಮೇಷ್ಟ್ರು, ಕೊಪ್ಪಳ:
ಬೇಡ ತಾಯಿ, ಕೊಡಬೇಡಿ. ಪಿಟೀಲಿನ ಕುದುರೆಯನ್ನು ಯಾರಾದರೂ ಅಂಟಿಸುತ್ತಾರೆಯೇ? ಇದೂ ಹಾಗೆಯೇ. ತಂತಿಗಳ ಒತ್ತಡವೇ ಅದನ್ನು ಹಿಡಿದು ನಿಲ್ಲಿಸುತ್ತದೆ. ಸ್ವರಸ್ಥಾನ ಸರಿಹೋಗುವವರೆಗೆ ಹಿಂದೆ ಮುಂದೆ ಸರಿಸಲೆಂದೇ ಸಡಿಲ ಬಿಟ್ಟಿರುತ್ತಾರೆ.

ನಿಮ್ಮ ಮಾವ ತಿಳಿದವರು. 11 ಮತ್ತು 12 ತಿಂಗಳಲ್ಲ, ತಂತಿಯ ದಪ್ಪ. ಅತಿ ತೆಳುವಾದ ತಂತಿಯ ದಪ್ಪ ಇಂಚಿನ ಸಾವಿರ ಭಾಗಗಳಲ್ಲಿ ಹನ್ನೊಂದಿದ್ದರೆ ಒಂದು ಜಾಗ, ಹನ್ನೆರಡಿದ್ದರೆ ಕುದುರೆ ಕೂದಲಷ್ಟು ಹಿಂದೆ ಸರಿಯಬೇಕು. ಆ ಗೆರೆಗಳನ್ನು ಒರೆಸಬೇಡಿ. ಪಾಲಿಶ್ ಹೊಡೆಸಿದರೆ ಅವೂ ಹೋಗುತ್ತವೆ, ವಾದ್ಯದ ಬೆಲೆಯೂ ಹೋಗುತ್ತದೆ.

ಕರ್ಪೂರದ ಗುಟ್ಟು ಆ ತಟ್ಟೆಯಲ್ಲಿದೆ. ಅದು ಸೆಲ್ಯುಲಾಯ್ಡ್. ಅದನ್ನು ತಯಾರಿಸುವುದೇ ಕರ್ಪೂರ ಬೆರೆಸಿ. ಹಳತಾಗಿ ಕೆಡಲು ತೊಡಗಿದರೆ ಆಮ್ಲದ ಆವಿ ಬಿಡುತ್ತದೆ, ಕಿಲುಬು ಅದರಿಂದಲೇ. ತಿರುಪು ಬಿಚ್ಚಿ ತೆಗೆದು ಕಾಗದದ ಲಕೋಟೆಯಲ್ಲಿ ಬೇರೆ ಇಡಿ. ಒಲೆ, ದೀಪದ ಹತ್ತಿರ ಬೇಡ, ಭಗ್ಗನೆ ಹತ್ತಿಕೊಳ್ಳುತ್ತದೆ.

ಹಾಫ್ನರ್ ವಾದ್ಯ ತಯಾರಿಸುವ ಕಂಪನಿ, 1887ರಲ್ಲಿ ಈಗಿನ ಚೆಕ್ ದೇಶದ ಶೋನ್‌ಬಾಖ್‌ನಲ್ಲಿ ಆರಂಭವಾದದ್ದು. ಎರಡನೇ ಮಹಾಯುದ್ಧದ ನಂತರ ಅವರು ಜರ್ಮನಿಯ ಬವೇರಿಯಾಕ್ಕೆ ಬಂದರು. "ಪಶ್ಚಿಮ ಜರ್ಮನಿ" ಎಂಬ ದೇಶ ಹುಟ್ಟಿದ್ದೇ 1949ರಲ್ಲಿ, ಹಾಗಾಗಿ ಆ ಮುದ್ರೆಯಿರುವ ನಿಮ್ಮದು 1949ಕ್ಕಿಂತ ಹಿಂದಿನದಲ್ಲ.

ಎಲ್ಲಾದರೂ ಕೀಲು ಬಿಟ್ಟಿದ್ದರೆ ಬಿಳಿ ಅಂಟು ಸೋಕಿಸಬೇಡಿ, ಸರೇಸು (ಪ್ರಾಣಿಗಳ ಚರ್ಮ, ಎಲುಬು ಕುದಿಸಿ ಮಾಡುವ ಅಂಟು) ಹಾಕುವವರನ್ನು ಹುಡುಕಿ. ನಾನು ಹಾರ್ಮೋನಿಯಂಗೂ ಅದನ್ನೇ ಹಾಕುವುದು. ಮುಂದೆ ಯಾರಾದರೂ ಬಿಸಿ ಮಾಡಿ, ಒದ್ದೆ ಮಾಡಿ ಬಿಡಿಸಬಹುದು. ಮತ್ತೆ ಬೀರುವಿನ ಮೇಲೆ ಮಾತ್ರ ಇಡಬೇಡಿ. ನಿಮ್ಮೂರಿನ ಏಪ್ರಿಲ್‌ನಲ್ಲಿ ಆರ್‌ಸಿಸಿ ಚಾವಣಿಯ ಕೆಳಗೆ ಮರ ಒಣಗಿ ಸೀಳುತ್ತದೆ. ತೂತು ಕೊರೆದ ಸೋಪಿನ ಡಬ್ಬಿಯಲ್ಲಿ ಒದ್ದೆ ಮಾಡಿ ಹಿಂಡಿದ ಸ್ಪಂಜು ಇಟ್ಟು ಪೆಟ್ಟಿಗೆಯೊಳಗೆ ಹಾಕಿ.

ಗಂಗಾವತಿ ಮಿಲ್:
ಧೂಳಿಗೆ ನನ್ನ ಬಳಿ ಮದ್ದಿದೆ, ನಗಬೇಡಿ. ಒಂದು ಬೊಗಸೆ ಒಣ ಅಕ್ಕಿಯನ್ನು ಎಫ್ ಸೀಳಿನಿಂದ ಒಳಗೆ ಸುರಿದು, ಮೆಲ್ಲಗೆ ಅತ್ತಿತ್ತ ಆಡಿಸಿ, ಬೋರಲು ಹಾಕಿ ಹೊರತೆಗೆಯಿರಿ. ಧೂಳು ಅಕ್ಕಿಯ ಜೊತೆ ಬರುತ್ತದೆ. ಗೂಡನ್ನು ಮೊದಲು ಬಿದಿರ ಕಡ್ಡಿಯಿಂದ ಒಡೆಯಿರಿ, ನೀರು ಹಾಕಬೇಡಿ. ಸೋನಾ ಮಸೂರಿಯೇ ಆಗಬೇಕೆಂದಿಲ್ಲ, ಆದರೂ ಆದರೆ ನಮಗೆ ಸಂತೋಷ.

ರಾಯಚೂರು ಸರಳು:
ಐದು ಮಿಲಿಮೀಟರ್ ಎಂದರೆ ಕತ್ತು ಬಾಗಿರಬಹುದು. ದಪ್ಪ ತಂತಿಯನ್ನು ಮೊದಲನೇ ಮತ್ತು ಹದಿನಾಲ್ಕನೇ ಮೆಟ್ಟಿಲಿನಲ್ಲಿ ಒಟ್ಟಿಗೆ ಒತ್ತಿ, ಏಳನೆಯದರ ಮೇಲಿನ ಸಂದು ನೋಡಿ. ಕಾಲು ಮಿಲಿಮೀಟರ್ ಇದ್ದರೆ ಸರಿ. ಒಂದನ್ನು ದಾಟಿದರೆ ಬೆಂಗಳೂರಿನ ಗಿಟಾರ್ ಕುಶಲಕರ್ಮಿಗಳೇ ಗತಿ.

ಇಲ್ಲವೇ ಮಡಿಲ ಮೇಲೆ ಮಲಗಿಸಿ ಉಕ್ಕಿನ ಸರಳು ಜಾರಿಸಿ ನುಡಿಸಿ. ಅದಕ್ಕೆ ಎತ್ತರದ ತಂತಿಯೇ ಬೇಕು. ಹಿಂದೂಸ್ತಾನಿ ವಾದಕ ವಿಶ್ವಮೋಹನ ಭಟ್ಟರ ಮೋಹನ ವೀಣೆಯೂ ಮೂಲದಲ್ಲಿ ಆರ್ಚ್‌ಟಾಪ್ ಗಿಟಾರೇ ಅಲ್ಲವೇ? ಮುಖ್ಯ ತಂತಿ ಮಿಡಿದಾಗ ತಾವಾಗಿಯೇ ಕಂಪಿಸುವ ತರಬಿನ ತಂತಿಗಳನ್ನು ಹಾಕಿಸಿದರೆ ಇನ್ನೂ ಚೆನ್ನ.

ಪೆಟ್ಟಿಗೆ ಮೇಷ್ಟ್ರು, ಕೊಪ್ಪಳ:
ಸರಳು ಜಾರಿಸಲಿ, ಬೇಡವೆನ್ನುವುದಿಲ್ಲ. ತರಬು ಬೇಡ. ಬಿರಡೆಗೆಂದು ಹಳೆಯ ಮರ ಕೊರೆದರೆ ಮತ್ತೆ ಮುಚ್ಚಲಾಗುವುದಿಲ್ಲ.

ಬಳ್ಳಾರಿ ಬಿಸಿಲು:
ಎಲ್ಲರಿಗೂ ನಮಸ್ಕಾರ. ಅಕ್ಕಿ ಹಾಕಿದೆ. ಬಿಳಿಯಾಗಿ ಹೋದದ್ದು ಕುಂಕುಮ ಕಲಸಿದ ಅಕ್ಷತೆಯಾಗಿ ಹೊರಗೆ ಬಂತು. ಅದರೊಂದಿಗೆ ಒಡೆದ ಗೂಡು, ಮಾವನ ಒಂದು ಅಂಗಿ ಗುಂಡಿ. ಕಟಕಟ ಎನ್ನುತ್ತಿದ್ದದ್ದು ಅದೇ.

ಏಳನೇ ಮೆಟ್ಟಿಲ ಸಂದು ಒಂದೂವರೆ ಮಿಲಿಮೀಟರ್ ಇದೆ, ಕತ್ತು ಬಾಗಿರುವುದು ನಿಜ. ಸದ್ಯಕ್ಕೆ ಹನ್ನೊಂದರ ತಂತಿಗಳನ್ನು ಅರ್ಧ ಬಿಗಿಯಲ್ಲಿ ಕಟ್ಟಿ, ಕುದುರೆಯನ್ನು 11ರ ಗೆರೆಯ ಮೇಲೆ ನಿಲ್ಲಿಸಿದ್ದೇನೆ. ದೀಪಾವಳಿಗೆ ಬೆಂಗಳೂರಿಗೆ ಒಯ್ಯುತ್ತೇನೆ. ಅಂಗಡಿಯವರು ನಿನ್ನೆಯೂ ಫೋನ್ ಮಾಡಿದ್ದರು. ಅಂಟು ತಂದಿಟ್ಟಿದ್ದಾರಂತೆ.