ಎರಡು 12 ಇಂಚಿನ ವೂಫರ್: ಆಂಪ್ ಪದೇ ಪದೇ ಪ್ರೊಟೆಕ್ಟ್‌ಗೆ ಹೋಗುತ್ತಿದೆ

ಬಳ್ಳಾರಿ_ಬೇಸ್: ಕಾರಿನ ಡಿಕ್ಕಿಯಲ್ಲಿ ಎರಡು 12 ಇಂಚಿನ ವೂಫರ್ (ಬೇಸ್ ಸ್ಪೀಕರ್) ಹಾಕಿಸಿದ್ದೇನೆ. ಒಂದೊಂದರಲ್ಲೂ 4 ಓಮ್‌ನ ಎರಡು ಕಾಯಿಲ್, ಆರ್‌ಎಂಎಸ್ (ಸತತವಾಗಿ ತಡೆಯೋ ಪವರ್) 500 ವ್ಯಾಟ್. ಮೊನೊ (ಒಂದೇ ಚಾನೆಲ್‌ನ) ಆಂಪ್‌ನ ಡಬ್ಬಿ ಮೇಲೆ 3000 ವ್ಯಾಟ್ ಅಂತಿದೆ. ಒಳಗಿನ ಪುಸ್ತಕದಲ್ಲಿ ಮಾತ್ರ 2 ಓಮ್‌ಗೆ 600 ವ್ಯಾಟ್ ಆರ್‌ಎಂಎಸ್. ಸೌಂಡ್ ಏರಿಸಿದರೆ ಹಾಡು ಮುಗಿಯೋದರೊಳಗೆ ಪ್ರೊಟೆಕ್ಟ್‌ನ ಕೆಂಪು ಲೈಟ್ ಹತ್ತಿ ಆಂಪ್ ತಾನೇ ಬಂದ್. ಅಂಗಡಿಯವರು ಬಳ್ಳಾರಿ ಬಿಸಿಲಿಗೆ ಹಂಗೇ ಅಂತಾರೆ.

ಗಂಗಾವತಿ_ವೈರಿಂಗ್: ಬಿಸಿಲಿನ ಮಾತು ಬಿಡಿ. ನಾಲ್ಕೂ ಕಾಯಿಲ್ ಪ್ಯಾರಲಲ್ (ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್) ಮಾಡಿರಬೇಕು. ಆಗ ಲೋಡ್ 1 ಓಮ್. ಓಮ್ ಕಮ್ಮಿಯಾದಷ್ಟೂ ಆಂಪ್ ಹೆಚ್ಚು ಕರೆಂಟ್ ಕೊಡಬೇಕು, 2 ಓಮ್‌ನ ಆಂಪ್ ಅದನ್ನ ತಡೆಯಲ್ಲ. ಸ್ಪೀಕರ್ ತಂತಿಯನ್ನು ಆಂಪ್‌ನಿಂದ ಬಿಚ್ಚಿ ಮಲ್ಟಿಮೀಟರ್ ಹಿಡಿಯಿರಿ. ಒಂದೊಂದು ವೂಫರ್‌ನ ಕಾಯಿಲ್‌ಗಳನ್ನು ಸೀರೀಸ್ (ಒಂದರ ಹಿಂದೆ ಒಂದು) ಮಾಡಿದರೆ 8 ಓಮ್, ಆಮೇಲೆ ಎರಡೂ ವೂಫರ್ ಪ್ಯಾರಲಲ್ ಮಾಡಿದರೆ 4 ಓಮ್. ಆಂಪ್ ಆರಾಮಾಗಿರುತ್ತದೆ.

ರಾಯಚೂರು_ರೋಡ್: ಆರಾಮಾಗಿರಲಿಕ್ಕೆ ಆಂಪ್ ತಂದಿದ್ದಾ ಅಣ್ಣಾ? 4 ಓಮ್‌ಗೆ ಪವರ್ ಹೆಚ್ಚುಕಮ್ಮಿ ಅರ್ಧ. ಆಂಪ್ ಸಣ್ಣದಾದರೆ ವೂಫರ್ ಸುಡುತ್ತದೆ. 1 ಓಮ್ ತಡೆಯೋ 1000 ವ್ಯಾಟ್ ಆರ್‌ಎಂಎಸ್ ಆಂಪ್ ತಗೊಳ್ಳಿ.

ಗಂಗಾವತಿ_ವೈರಿಂಗ್: "ಸಣ್ಣದಾದರೆ ಸುಡುತ್ತದೆ" ಅಂತ ಯಾರು ಹೇಳಿದ್ದು? ಕಡಿಮೆ ಪವರ್‌ಗೆ ಕಾಯಿಲ್ ಸುಡಲ್ಲ. ಸೌಂಡ್ ಸಾಲಲ್ಲ ಅಂತ ಗೇನ್ ಕೊನೆವರೆಗೆ ತಿರುಗಿಸಿ ಕ್ಲಿಪ್ ಮಾಡಿದರೆ, ಅಂದರೆ ಆಂಪ್ ಮಿತಿ ಮೀರಿ ಸೌಂಡ್ ಒಡೆದರೆ, ಸುಡುತ್ತದೆ. ಗೇನ್ ಇರೋದು ಸ್ಟೀರಿಯೊ ಸಿಗ್ನಲ್‌ಗೆ ಆಂಪ್ ಹೊಂದಿಸಲಿಕ್ಕೆ, ವಾಲ್ಯೂಮ್‌ಗಲ್ಲ.

ಕೊಪ್ಪಳ_ಕಾಪರ್: 1000 ವ್ಯಾಟ್ ಅಂದರೆ ಬ್ಯಾಟರಿಯಿಂದ ಸುಮಾರು 90 ಆಂಪಿಯರ್ ಎಳೆಯುತ್ತದೆ. ಪವರ್ ತಂತಿ ಯಾವುದು? ತಾಮ್ರ ಲೇಪಿಸಿದ ಅಲ್ಯೂಮಿನಿಯಂ, ಅದೇ ಸಿಸಿಎ ಆಗಿದ್ದರೆ ಮೊದಲು ಕಿತ್ತು ಬಿಸಾಕಿ.

ರಾಯಚೂರು_ರೋಡ್: ಕಿತ್ತು ಬಿಸಾಕಬೇಕಾ? ನಮ್ಮ ಕಡೆ ಅರ್ಧ ಗಾಡಿಗಳಲ್ಲಿ ಸಿಸಿಎನೇ ಇದೆ. ಎಲ್ಲಾ ಓಡ್ತಿವೆ.

ಕೊಪ್ಪಳ_ಕಾಪರ್: ಓಡೋದು ಬೇರೆ, ಕರೆಂಟ್ ಕೊಡೋದು ಬೇರೆ. 4 ಗೇಜ್ ದಪ್ಪದ ತಂತಿ, 5 ಮೀಟರ್, 60 ಆಂಪಿಯರ್ ಲೆಕ್ಕ ಹಾಕಿ. ತಾಮ್ರದಲ್ಲಿ ಕಾಲು ವೋಲ್ಟ್ ತಂತಿಯಲ್ಲೇ ಹೋದರೆ ಸಿಸಿಎಯಲ್ಲಿ ಸುಮಾರು 0.4 ವೋಲ್ಟ್ ಹೋಗುತ್ತದೆ.

ರಾಯಚೂರು_ರೋಡ್: ನೀವೇ ಹೇಳಿದ್ರಲ್ಲ! 0.15 ವೋಲ್ಟ್‌ಗೋಸ್ಕರ ಅಷ್ಟು ದುಡ್ಡು ಸುರೀಬೇಕಾ? ಒಂದು ಸೈಜ್ ದಪ್ಪ ಸಿಸಿಎ ಹಾಕಿದರೆ ಮುಗೀತು.

ಕೊಪ್ಪಳ_ಕಾಪರ್: ಮುಗಿಯಲ್ಲ. ಅಲ್ಯೂಮಿನಿಯಂ ಸ್ಕ್ರೂ ಕೆಳಗೆ ನಲುಗಿ ಸಡಿಲಾಗುತ್ತದೆ. ಆ ಜಾಗವೇ ಬಿಸಿಯಾಗುತ್ತದೆ. ಬಳ್ಳಾರಿ ಧೂಳು, ಗಾಡಿ ಕುಲುಕಾಟ ಬೇರೆ. ಕರಗಿದ ಫ್ಯೂಸ್ ಹೋಲ್ಡರ್ ಕೈಯಲ್ಲಿ ಹಿಡಿದು ನೋಡಿದವನು ನಾನು.

ರಾಯಚೂರು_ರೋಡ್: ಹೋಲ್ಡರ್ ಕರಗಿದ್ದು ಸ್ಕ್ರೂ ಬಿಗಿ ಮಾಡದವನ ತಪ್ಪು. ತಂತಿ ಮೇಲೆ ಯಾಕೆ ಹಾಕ್ತೀರಿ? ತಾಮ್ರ ಮಾರೋ ಅಂಗಡಿ ಇದೆಯಾ ನಿಮ್ಮದು?

ಕೊಪ್ಪಳ_ಕಾಪರ್: ಮಾತು ನೆಟ್ಟಗಿರಲಿ ತಮ್ಮಾ. ನಾನು ಯಾವ ಅಂಗಡಿಯವನೂ ಅಲ್ಲ.

ಬಳ್ಳಾರಿ_ಬೇಸ್: ಅಳೆದೆ. 0.9 ಓಮ್ ಬಂತು.

ಗಂಗಾವತಿ_ವೈರಿಂಗ್: ನಾಲ್ಕೂ ಪ್ಯಾರಲಲ್, ಮೊದಲೇ ಹೇಳಿದ್ದೆ. ಇವತ್ತೇ 4 ಓಮ್‌ಗೆ ಬದಲಾಯಿಸಿ. ಪವರ್ ಅರ್ಧವಾದರೂ ಸೌಂಡ್ ಕಡಿಮೆಯಾಗೋದು ಬರೀ 3 ಡೆಸಿಬೆಲ್.

ರಾಯಚೂರು_ರೋಡ್: 3 ಡೆಸಿಬೆಲ್ ಕಮ್ಮಿನಾ? ಎರಡೆರಡು 12 ಇಂಚು ಹಾಕಿದವರು ಅದನ್ನ ಬಿಟ್ಟುಕೊಡ್ತಾರಾ? ಆಂಪ್ ಬದಲಾಯಿಸಿ ಬಳ್ಳಾರಿಯವರೇ.

ಕೊಪ್ಪಳ_ಕಾಪರ್: ಯಾವ ಆಂಪ್ ಆದರೂ ಅದೇ ತಂತಿ ಮೇಲೇ ನಡೀಬೇಕು. ಒಂದು ಎಳೆ ಬಿಡಿಸಿ ಬ್ಲೇಡಿನಿಂದ ಕೆರೆಯಿರಿ. ಒಳಗೆ ಬೆಳ್ಳಗಿದ್ದರೆ ಸಿಸಿಎ. ಫ್ಯೂಸ್ ಬ್ಯಾಟರಿಯಿಂದ ಒಂದೂವರೆ ಅಡಿ ಒಳಗಿದೆಯಾ, ಎಷ್ಟು ಆಂಪಿಯರ್‌ದು ನೋಡಿ, ತಂತಿ, ಫ್ಯೂಸ್ ಎರಡರದ್ದೂ ಫೋಟೋ ಹಾಕಿ.