ಕೆಗ್ ಸೋರಿಕೆ: ಬಿಗಿ ಮಾಡೋದಕ್ಕಿಂತ ಮೊದಲು ಹುಡುಕಿ

ಅಣ್ಣಾ, ನಿಮ್ಮ ಮೆಸೇಜು ಈಗ ಕೇಳಿದೆ. ಕೆಗ್ಗಿಗೆ (ಬಿಯರ್ ತುಂಬಿಡೋ ಲೋಹದ ಪಾತ್ರೆ) ಒತ್ತಡ ಕೊಡೋಕೆ ತುಂಬಿಸಿದ ಕಾರ್ಬನ್ ಡೈಆಕ್ಸೈಡ್ ಗ್ಯಾಸ್ ಸಿಲಿಂಡರು ವಾರದೊಳಗೆ ಖಾಲಿ, ನಲ್ಲಿ ಹತ್ರಾನೂ ಬಿಯರ್ ಜಿನುಗ್ತಿದೆ, ನಟ್ಟೆಲ್ಲಾ ಬಿಗಿ ಮಾಡಿದ್ರೂ ನಿಲ್ತಿಲ್ಲ ಅಂದ್ರಿ. ದಯವಿಟ್ಟು ಇನ್ನು ಬಿಗಿ ಮಾಡ್ಬೇಡಿ. ಸಿಲಿಂಡರಿಗೂ ಅದರ ಒತ್ತಡ ತಗ್ಗಿಸೋ ರೆಗ್ಯುಲೇಟರಿಗೂ ನಡುವೆ ಗ್ಯಾಸ್ ತಡೆಯೋದು ಒಂದು ಚಪ್ಪಟೆ ವಾಷರ್, ನಟ್ಟಿನ ಸುರುಳಿ ಗೀರುಗಳಲ್ಲ. ಅದು ಒತ್ತಿ ಹಳ್ಳ ಬಿದ್ದಿದ್ರೆ ಎಷ್ಟು ತಿರುಗಿಸಿದ್ರೂ ಸೋರುತ್ತೆ. ಸಿಲಿಂಡರ್ ಬದಲಿಸಿದಾಗೆಲ್ಲ ಹೊಸ ವಾಷರ್ ಹಾಕಿ. ಕೆಲವು ರೆಗ್ಯುಲೇಟರಲ್ಲಿ ಓ-ರಿಂಗ್ (ರಬ್ಬರ್ ಬಳೆ) ಅಲ್ಲೇ ಕೂತಿರುತ್ತೆ, ಅದಕ್ಕೆ ಬೇರೆ ವಾಷರ್ ಬೇಡ. ಪ್ಲಂಬರ್‌ಗಳು ಸುತ್ತೋ ಬಿಳಿ ಟೇಪನ್ನಂತೂ ಈ ನಟ್ಟಿಗೆ ಸುತ್ತಲೇಬೇಡಿ, ಉಪಯೋಗ ಇಲ್ಲ.

ಈಗ ಎಲ್ಲಿ ಸೋರ್ತಿದೆ ಅಂತ ನೋಡೋಣ. ಕೆಗ್ಗಿಂದ ಗ್ಯಾಸ್ ಕನೆಕ್ಟರ್ ತೆಗೀರಿ. ರೆಗ್ಯುಲೇಟರ್ ಒತ್ತಡ 20 ಪಿಎಸ್‌ಐಗೆ ಇಟ್ಟು, ಸಿಲಿಂಡರ್ ವಾಲ್ವು ಮುಚ್ಚಿ, ಆಮೇಲೆ ರೆಗ್ಯುಲೇಟರ್ ತಿರುಪನ್ನ ಪೂರ್ತಿ ಸಡಿಲ ಮಾಡಿ. ಈ ಸಡಿಲ ಮಾಡೋದನ್ನ ಬಹಳ ಜನ ಬಿಡ್ತಾರೆ. ಬಿಟ್ರೆ ಪೈಪಲ್ಲಿ ಸೋರಿದ್ದನ್ನ ಸಿಲಿಂಡರ್ ಕಡೆಯ ಗ್ಯಾಸು ತುಂಬಿಸ್ತಾ ಹೋಗುತ್ತೆ, ಸೋರ್ತಿರೋದು ಪೈಪಲ್ಲಾದ್ರೂ ಇಳಿಯೋದು ದೊಡ್ಡ ಒತ್ತಡದ ಮುಳ್ಳು (ಸಿಲಿಂಡರ್ ಕಡೆಯ ಮೀಟರಿನದು), ಯಾವ ಕಡೆ ಅಂತ ಗೊತ್ತಾಗಲ್ಲ. ರೆಗ್ಯುಲೇಟರಿನ ಎರಡೂ ಮೀಟರಿನ ಫೋಟೋ ತೆಗೆದು ಅರ್ಧ ಗಂಟೆ ಬಿಡಿ. ದೊಡ್ಡ ಒತ್ತಡದ ಮುಳ್ಳು ಇಳಿದ್ರೆ ಸಿಲಿಂಡರ್ ವಾಷರ್ ಕಡೆ. ಚಿಕ್ಕದು ಇಳಿದ್ರೆ ಪೈಪು, ಕ್ಲಾಂಪು, ಕನೆಕ್ಟರ್. ಎರಡೂ ಇಳಿಯದೆ ನಿಂತ್ರೆ ಸೋರಿಕೆ ಕೆಗ್ಗಲ್ಲೇ.

ಇನ್ನೊಂದು ಮಾತು, ಸಿಲಿಂಡರ್ ಫ್ರಿಜ್ಜೊಳಗೆ ಇಟ್ಟಿದ್ರೆ ಹೆದರಬೇಡಿ. 21 ಡಿಗ್ರಿಯಲ್ಲಿ ಸುಮಾರು 830 ಪಿಎಸ್‌ಐ ತೋರಿಸೋ ಮೀಟರ್ 4 ಡಿಗ್ರಿಯಲ್ಲಿ 550ರ ಹತ್ರ ಬರುತ್ತೆ. ಅದು ತಂಪಿಗೆ, ಸೋರಿಕೆಗಲ್ಲ.

ಕೆಗ್ ಪರೀಕ್ಷೆ ಖಾಲಿ ಕೆಗ್ಗಲ್ಲಿ ಮಾಡಿದ್ರೆ ಒಳ್ಳೇದು. ತುಂಬಿದ ಕೆಗ್ಗಲ್ಲಿ ಬಿಯರೇ ಗ್ಯಾಸ್ ಹೀರಿಕೊಂಡು ಮುಳ್ಳು ಇಳಿಯುತ್ತೆ. ಗ್ಯಾಸ್ ಕನೆಕ್ಟರ್ ಮತ್ತೆ ಹಾಕಿ, ಸಿಲಿಂಡರ್ ವಾಲ್ವು ತೆರೆದು, ಕೆಗ್ಗಿಗೆ 30 ಪಿಎಸ್‌ಐ ಕೊಟ್ಟು, ಪಾತ್ರೆ ತೊಳೆಯೋ ಲಿಕ್ವಿಡ್ ಗಟ್ಟಿಯಾಗಿ ಕಲಸಿದ ನೀರನ್ನ ಬ್ರಷ್ಷಲ್ಲಿ ಮುಚ್ಚಳದ ಸುತ್ತ, ಎರಡೂ ಪೋಸ್ಟಿನ (ಕನೆಕ್ಟರ್ ಕೂರೋ ಮೂತಿ) ಮೇಲೆ, ಗ್ಯಾಸ್ ಬಿಡೋ ವಾಲ್ವಿನ ಮೇಲೆ ಹಚ್ಚಿ. ಎರಡು ನಿಮಿಷ ಕಾಯಿರಿ. ದೊಡ್ಡ ಸೋರಿಕೆ ತಕ್ಷಣ ಗುಳ್ಳೆ ಊದುತ್ತೆ. ನಿಮ್ಮ ಸಿಲಿಂಡರ್ ಖಾಲಿ ಮಾಡೋದು ಚಿಕ್ಕದು, ಸಾಸಿವೆ ಗಾತ್ರದ ಗುಳ್ಳೆಗಳು ಪೋಸ್ಟಿನ ಬುಡದಲ್ಲಿ ಬಿಳಿ ಕೆನೆ ಹಾಗೆ ಮೆಲ್ಲಗೆ ಕೂಡಿಕೊಳ್ತಾವೆ. ಟಾರ್ಚ್ ಹಿಡಿದು ಪಕ್ಕದಿಂದ ನೋಡಿ.

ಮುಚ್ಚಳದಲ್ಲಿ ಗುಳ್ಳೆ ಬಂದ್ರೆ ಗ್ಯಾಸ್ ಪೂರ್ತಿ ಬಿಟ್ಟು ತೆಗೆದು, ಓ-ರಿಂಗಿಗೆ ಫುಡ್ ಗ್ರೇಡ್ ಸಿಲಿಕೋನ್ ಗ್ರೀಸ್ ತೆಳ್ಳಗೆ ಸವರಿ. ವ್ಯಾಸಲೀನ್ ಬೇಡ, ಅದು ಕೆಲವು ಬಗೆಯ ರಬ್ಬರ್ ಉಬ್ಬಿಸುತ್ತೆ. ಆಮೇಲೆ ಮುಚ್ಚಳ ಮೇಲಕ್ಕೆ ಎಳೆದು ಹಿಡಿದುಕೊಂಡೇ ಗ್ಯಾಸ್ ಕೊಡಿ, ಒತ್ತಡವೇ ಅದನ್ನ ಕೂರಿಸುತ್ತೆ. ಪೋಸ್ಟಲ್ಲಿ ಎರಡು ಓ-ರಿಂಗ್ ಇವೆ: ಹೊರಗಿಂದು ಕಣ್ಣಿಗೆ ಕಾಣುತ್ತೆ, ಇನ್ನೊಂದು ಪೋಸ್ಟ್ ಬಿಚ್ಚಿದ್ರೆ ಕೆಳಗೆ, ಒಳಗಿನ ಕೊಳವೆಯ ಕುತ್ತಿಗೆಯಲ್ಲಿ. ಬಿಯರ್ ಕಡೆಯ ಆ ಒಳಗಿನ ರಿಂಗ್ ಸೀಳಿದ್ರೆ ಗ್ಯಾಸು ಬಿಯರ್ ಪೈಪಿಗೆ ನುಗ್ಗಿ ಬರೀ ನೊರೆ ಬರುತ್ತೆ. ಜನ ಒತ್ತಡ ತಿರುಚಿ ತಿರುಚಿ ಸುಸ್ತಾಗ್ತಾರೆ, ತಪ್ಪು ಇರೋದು ಈ ರಿಂಗಲ್ಲಿ. ಪೋಸ್ಟ್ ಬಿಚ್ಚೋ ಮುನ್ನ ಗ್ಯಾಸ್ ಪೂರ್ತಿ ಬಿಡಿ, ಇದು ಮರೀಲೇಬೇಡಿ.

ನಲ್ಲಿ ವಿಷಯ ಸುಲಭ. ಬಾಯಿಂದ ತೊಟ್ಟಿಕ್ಕಿದ್ರೆ ಒಳಗೆ ಬಿಯರ್ ಒಣಗಿ ಅಂಟಿದೆ, ಬಿಚ್ಚಿ ತೊಳೆದು ವಾಷರ್ ನೋಡಿ. ಹಿಂದಿನ ಕುತ್ತಿಗೆಯಿಂದ ಬಂದ್ರೆ ನಲ್ಲಿ ಮತ್ತು ಕೊಳವೆ ನಡುವಿನ ವಾಷರ್ ಹೋಗಿದೆ. ಪೈಪ್ ತುದಿಯಲ್ಲಿ ಬಂದ್ರೆ ತುದಿಯಿಂದ ಒಂದು ಇಂಚು ಕತ್ತರಿಸಿ, ಬಿಸಿನೀರಲ್ಲಿ ಅದ್ದಿ, ಪೈಪ್ ಕೂರೋ ಮೂತಿಯ ಬುಡದವರೆಗೂ ತಳ್ಳಿ ಕ್ಲಾಂಪ್ ಹಾಕಿ.

ಈ ಗ್ಯಾಸ್ ಗಾಳಿಗಿಂತ ಭಾರ, ಮುಚ್ಚಿದ ಚಿಕ್ಕ ಕೋಣೆಯಲ್ಲಿ ಕೆಳಗೆ ತುಂಬಿಕೊಳ್ಳುತ್ತೆ, ಅದಕ್ಕೇ ಕೆಲಸ ಮಾಡುವಾಗ ಕಿಟಕಿ ಬಾಗಿಲು ತೆಗೆದಿಡಿ. ಗುಳ್ಳೆ ಎಲ್ಲಿ ಬಂತು ಅಂತ ಫೋಟೋ ಹಾಕಿ ಅಣ್ಣಾ, ಯಾವ ರಿಂಗ್ ಬದಲಿಸಬೇಕು ಅಂತ ನೋಡಿ ಹೇಳ್ತೀನಿ.