ಜಂಟಿ ಪಹಣಿಯ ಜಮೀನನ್ನು ನಾವೇ ಮೊಬೈಲಿನಲ್ಲಿ ಅಳತೆ ಮಾಡಿದರೆ ಎಷ್ಟರ ಮಟ್ಟಿಗೆ ಪ್ರಯೋಜನ?

ಪ್ರಶ್ನೆ — ಅಡಿಕೆ ಬೆಳೆಗಾರ, ತೀರ್ಥಹಳ್ಳಿ ತಾಲ್ಲೂಕು

ನಮ್ಮ ಕುಟುಂಬದ ಆರು ಎಕರೆ ಚಿಲ್ಲರೆ ಜಮೀನು ಒಂದೇ ಸರ್ವೆ ನಂಬರಿನಲ್ಲಿದೆ. ಅಜ್ಜನ ಕಾಲದಲ್ಲಿಯೇ ಬಾಯಿಮಾತಿನಲ್ಲಿ ಪಾಲಾಗಿ, ಅವರವರ ಭಾಗವನ್ನು ಅವರವರು ಸಾಗುವಳಿ ಮಾಡಿಕೊಂಡು ಬಂದಿದ್ದರೂ ಪಹಣಿಯಲ್ಲಿ ಇಂದಿಗೂ ಎಲ್ಲರ ಹೆಸರೂ ಜಂಟಿಯಾಗಿಯೇ ಇವೆ. ಈಗ ಪೋಡಿ (ಅಳತೆ ಮಾಡಿ ಪ್ರತಿ ಪಾಲಿಗೂ ಬೇರೆ ನಂಬರು, ನಕ್ಷೆ ಮಾಡುವುದು) ಮಾಡಿಸಬೇಕೆಂದಿದ್ದೇವೆ. ಪಾಲುದಾರರಲ್ಲಿ ಇಬ್ಬರು ಬೆಂಗಳೂರಿನಲ್ಲಿದ್ದಾರೆ, ಒಬ್ಬರು ಮಸ್ಕತ್‌ನಲ್ಲಿದ್ದಾರೆ.

2020ರ ಮುಂಗಾರಿನಿಂದ ಬೆಳೆ ಸಮೀಕ್ಷೆಯ ಆ್ಯಪ್‌ನಲ್ಲಿ ರೈತರೇ ತಮ್ಮ ಹೊಲದ ಬೆಳೆಯ ಫೋಟೋ ತೆಗೆದು ದಾಖಲಿಸುವ ಅವಕಾಶ ಬಂದಿದೆ. ಪೋಡಿ ನಕ್ಷೆಯನ್ನು ಮತ್ತು 11ಇ ನಕ್ಷೆಯನ್ನು (ಸರ್ವೆ ನಂಬರಿನ ಒಂದು ಭಾಗವನ್ನು ಪರಭಾರೆ ಮಾಡುವ ಮುನ್ನ ಬೇಕಾಗುವ ನಕ್ಷೆ) ಮಾಲೀಕರೇ ತಯಾರಿಸಿ ಸಲ್ಲಿಸಲು 2022ರಲ್ಲಿ ‘ಸ್ವಾವಲಂಬಿ’ ವ್ಯವಸ್ಥೆಯೂ ಬಂತು. ಹೀಗಿರುವಾಗ ನಾವು ಮೊಬೈಲ್ ಹಿಡಿದು ಗಡಿಯ ಸುತ್ತ ನಡೆದು ಗುರುತಿಸಿದ ಗೆರೆಗೆ ಎಷ್ಟು ಬೆಲೆ ಇದೆ? ಇದನ್ನು ಕೇಳಲು ಒಂದು ಕಾರಣವಿದೆ: ಮೊಬೈಲಿನ ನಕ್ಷೆಯಲ್ಲಿ ನಮ್ಮ ಸರ್ವೆ ನಂಬರಿನ ಗೆರೆಯು ಗಡಿಯ ಅಗಳನ್ನು ದಾಟಿ ಪಕ್ಕದವರ ತೋಟದ ಎರಡನೇ ಸಾಲಿನ ಮೇಲೆ ಬಿದ್ದಂತೆ ಕಾಣುತ್ತದೆ. ಅಗಳು ತೋಡಿದ ದಿನದಿಂದಲೂ ಅದು ಇದ್ದಲ್ಲಿಯೇ ಇದೆ.

ಉತ್ತರ — ನಿವೃತ್ತ ಭೂಮಾಪಕ

ನಿಮ್ಮ ಅಗಳನ್ನೇ ನಂಬಿ. ಮೊಬೈಲಿನ ಗೆರೆಯನ್ನು ನಂಬಿ ಪಕ್ಕದವರೊಡನೆ ಮಾತು ಬೆಳೆಸಬೇಡಿ. ಮೊಬೈಲಿನಲ್ಲಿ ಕಾಣುವ ಗಡಿಗಳು ಹಳೆಯ ಗ್ರಾಮ ನಕಾಶೆಗಳನ್ನು ಗಣಕೀಕರಿಸಿ ಉಪಗ್ರಹ ಚಿತ್ರದ ಮೇಲೆ ಕೂರಿಸಿದಂಥವು. ಕಾಗದದ ನಕಾಶೆ ಹಿಗ್ಗಿ ಕುಗ್ಗಿರುತ್ತದೆ, ಕೂರಿಸುವಾಗಲೂ ಅಷ್ಟಿಷ್ಟು ಸರಿಯುತ್ತದೆ. ನೀವು ನಿಂತಿರುವುದು ಸುಮಾರಾಗಿ ಯಾವ ಸರ್ವೆ ನಂಬರಿನಲ್ಲಿ ಎಂದು ತಿಳಿಯಲು ಅದು ಬಹಳ ಉಪಯುಕ್ತ, ಆದರೆ ಕಲ್ಲು ನೆಡಲು ಅಲ್ಲ. ಅದಕ್ಕೆ ಟಿಪ್ಪಣಿ (ಮೂಲ ಸರ್ವೆಯ ಅಳತೆಯ ದಾಖಲೆ), ಆಕಾರಬಂದ್ (ಸರ್ವೆ ನಂಬರಿನ ವಿಸ್ತೀರ್ಣ, ಕಂದಾಯಗಳ ದಾಖಲೆ) ಮತ್ತು ಸ್ಥಳದಲ್ಲಿ ಉಳಿದಿರುವ ಬಾಂದುಕಲ್ಲುಗಳೇ (ಸರ್ವೆಯ ಗಡಿಕಲ್ಲುಗಳೇ) ಆಧಾರ.

ಅಳತೆಯ ಲೆಕ್ಕವನ್ನೂ ನೋಡಿ. ಒಂದು ಗುಂಟೆ ಎಂದರೆ 33 ಅಡಿಯ ಚೌಕ, ಅಂದರೆ 1,089 ಚದರಡಿ. ಸಾಧಾರಣ ಮೊಬೈಲಿನ ಜಿಪಿಎಸ್ ಬಯಲಿನಲ್ಲಿಯೇ 3ರಿಂದ 5 ಮೀಟರ್ ತಪ್ಪುತ್ತದೆ, ಅಡಿಕೆ ಸೋಗೆಯ ಕೆಳಗೆ ಇನ್ನೂ ಹೆಚ್ಚು. 60 ಮೀಟರ್ ಉದ್ದದ ಗಡಿ 4 ಮೀಟರ್ ಸರಿದರೆ ಎರಡು ಗುಂಟೆಗೂ ಮೀರಿದ ತೋಟ ಒಬ್ಬರ ಪಾಲಿನಿಂದ ಇನ್ನೊಬ್ಬರ ಪಾಲಿಗೆ ಹೋಗುತ್ತದೆ. ಸ್ಥಿರ ಕೇಂದ್ರಗಳ ತಿದ್ದುಪಡಿ ಪಡೆದು ಕೆಲಸ ಮಾಡುವ ರೋವರ್ ಉಪಕರಣ ಕೆಲವೇ ಸೆಂಟಿಮೀಟರಿನ ನಿಖರತೆ ಕೊಡುತ್ತದೆಯಾದರೂ ದಟ್ಟ ತೋಟದೊಳಗೆ ಅದಕ್ಕೂ ಆಕಾಶ ಕಾಣದೆ ತೊಂದರೆಯಾಗುತ್ತದೆ. ಅಂಥ ಕಡೆ ಅಳತೆಯ ಚೈನೋ, ಕೋನ ಮತ್ತು ದೂರ ಅಳೆಯುವ ಟೋಟಲ್ ಸ್ಟೇಷನ್ ಉಪಕರಣವೋ ಬೇಕಾಗುತ್ತದೆ.

ಹಾಗೆಂದು ನಿಮ್ಮ ಶ್ರಮ ವ್ಯರ್ಥವಲ್ಲ. ನನ್ನ ಅನುಭವದಲ್ಲಿ ಪೋಡಿ ಅಳತೆ ನಿಲ್ಲುತ್ತಿದ್ದುದು ಉಪಕರಣದ ದೋಷಕ್ಕಿಂತ ಹೆಚ್ಚಾಗಿ, ಅಳತೆಯ ದಿನ ಪಾಲುದಾರರೋ ಬಾಜು ಹಿಡುವಳಿದಾರರೋ ಬಾರದೆ ಇದ್ದುದರಿಂದ ಅಥವಾ ಬಂದು ತಕರಾರು ತೆಗೆದುದರಿಂದ. ಅದಕ್ಕೆ ಮುಂಚೆಯೇ ಎಲ್ಲರೂ ಕೂಡಿ ಗಡಿಯ ಗಿಡಗಂಟಿ ಸವರಿ, ಬಾಂದುಕಲ್ಲುಗಳನ್ನು ಹುಡುಕಿ, ಪ್ರತಿಯೊಂದು ಕಲ್ಲಿನ ಫೋಟೋವನ್ನು ಸ್ಥಳದ ಗುರುತಿನೊಡನೆ ತೆಗೆದು, ಯಾರ ಅನುಭವದಲ್ಲಿ ಯಾವ ಭಾಗವಿದೆ ಎಂಬ ಕಚ್ಚಾ ನಕ್ಷೆ ಬರೆದು ಸಹಿ ಹಾಕಿದ್ದರೆ ಭೂಮಾಪಕನ ಅರ್ಧ ಕೆಲಸ ಮುಗಿದಂತೆಯೇ. ಪಾಲುಗಳ ಒಟ್ಟು ವಿಸ್ತೀರ್ಣ ಖರಾಬು (ಸಾಗುವಳಿಗೆ ಬಾರದ ಜಾಗ) ಸೇರಿ ಆಕಾರಬಂದಿಗೆ ತಾಳೆಯಾಗಬೇಕು, ಇದನ್ನು ಮಾತ್ರ ಮರೆಯಬೇಡಿ. ಮಸ್ಕತ್‌ನಲ್ಲಿರುವವರು ವಿಡಿಯೋ ಕರೆಯಲ್ಲಿ ಗಡಿ ನೋಡಿ ಒಪ್ಪಬಹುದು. ಆದರೆ ಅವರ ಪರವಾಗಿ ಸಹಿ ಮಾಡುವವರ ಬಳಿ ಅಲ್ಲಿನ ಭಾರತೀಯ ರಾಯಭಾರ ಕಚೇರಿಯಲ್ಲಿ ದೃಢೀಕರಿಸಿದ ಅಧಿಕಾರ ಪತ್ರ ಇರಲಿ.

ಉತ್ತರ — ಗ್ರಾಮ ಪಂಚಾಯಿತಿಯ ಮಾಜಿ ಸದಸ್ಯೆ

ಮೇಲಿನವರ ಮಾತಿಗೆ ನಮ್ಮೂರ ಗ್ರಾಮಠಾಣದ (ಊರಿನ ಮನೆಗಳಿರುವ ಜಾಗದ) ಅನುಭವವನ್ನು ಸೇರಿಸುತ್ತೇನೆ. ಹಳ್ಳಿಯ ಮನೆ, ನಿವೇಶನಗಳನ್ನು ಡ್ರೋನಿನಿಂದ ಅಳೆದು ದಾಖಲೆ ಕೊಡಲು 2020ರ ಏಪ್ರಿಲ್ 24ರಂದು ಆರಂಭವಾದ ಕೇಂದ್ರದ ಸ್ವಾಮಿತ್ವ ಯೋಜನೆಯಲ್ಲಿ ಮೊದಲ ಹಂತಕ್ಕೆ ಆಯ್ಕೆಯಾದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಡ್ರೋನ್ ಹಾರುವ ಮುನ್ನ ಪ್ರತಿ ಮನೆ, ಹಿತ್ತಿಲು, ಖಾಲಿ ನಿವೇಶನದ ಸುತ್ತ ಸುಣ್ಣದ ಗೆರೆ ಎಳೆಯಬೇಕು. ಆ ಗೆರೆ ಎಲ್ಲಿ ಹೋಗಬೇಕೆಂದು ತೋರಿಸುವವರು ಊರಿನವರೇ. ಡ್ರೋನಿಗೆ ಮೇಲಿನಿಂದ ಕಾಣುವುದು ಸೂರು ಮಾತ್ರ. ಅದರ ಕೆಳಗಿನ ಗೋಡೆ ಯಾರದು, ಎರಡು ಮನೆಗಳ ನಡುವಿನ ಓಣಿಯಲ್ಲಿ ನೀರು ಹರಿಸುವ ಹಕ್ಕು ಯಾರಿಗಿದೆ ಎಂಬುದು ಚಿತ್ರದಲ್ಲಿ ಮೂಡುವುದಿಲ್ಲ.

ಒಂದು ಕಡೆ ಗೆರೆಯ ಮೇಲೆ ಯಾರೋ ಹುಲ್ಲಿನ ಹೊರೆ ಇಳಿಸಿದ್ದರು, ಇನ್ನೊಂದು ಕಡೆ ಹಿಂದಿನ ರಾತ್ರಿಯ ಮಳೆಗೆ ಸುಣ್ಣ ತೊಳೆದುಹೋಗಿತ್ತು, ಅಲ್ಲೆಲ್ಲ ಮತ್ತೆ ಎಳೆಯಬೇಕಾಯಿತು. ಅದಕ್ಕಿಂತ ಮುಖ್ಯವಾದ ಕೊರತೆ ಬೇರೆಯದು. ಗೆರೆ ತೋರಿಸಲು ಬಂದವರಲ್ಲಿ ಹೆಚ್ಚಿನವರು ಗಂಡಸರು. ಗಂಡನನ್ನು ಕಳೆದುಕೊಂಡು ಒಂಟಿಯಾಗಿರುವ ಹೆಣ್ಣುಮಕ್ಕಳ ಮತ್ತು ಕೆಲಸಕ್ಕೆಂದು ಊರು ಬಿಟ್ಟವರ ಹಿತ್ತಿಲಿನ ಗಡಿಯನ್ನು ಪಕ್ಕದ ಮನೆಯವರೇ ಹೇಳಿದ್ದರು. ನಾವು ಕೆಲವು ಹೆಂಗಸರು ಮನೆಮನೆಗೆ ಹೋಗಿ ಅವರನ್ನು ಕರೆತಂದು ನಿಲ್ಲಿಸಿದೆವು. ಜನರ ಪಾಲ್ಗೊಳ್ಳುವಿಕೆ ಎನ್ನುವಾಗ ಯಾವ ಜನ ಎಂದು ಕೇಳಲೇಬೇಕು. ನಿಮ್ಮ ಕುಟುಂಬದಲ್ಲಿಯೂ ಮದುವೆಯಾಗಿ ಹೋದ ಹೆಣ್ಣುಮಕ್ಕಳಿದ್ದರೆ ಅವರನ್ನು ಬಿಟ್ಟು ಗಡಿ ನಡೆಯಬೇಡಿ.

ಉತ್ತರ — ಭೂಮಾಹಿತಿ ತಂತ್ರಜ್ಞಾನದ ಕ್ಷೇತ್ರದಲ್ಲಿರುವವನು

ಇದಕ್ಕೆ ಹತ್ತಿರವಾದ ಪ್ರಯೋಗ ಕೊಲಂಬಿಯಾದಲ್ಲಿ ನಡೆದಿದೆ. ಅಲ್ಲಿನ ಸರ್ಕಾರವೂ ಬಂಡುಕೋರರೂ ಮಾಡಿಕೊಂಡ 2016ರ ಶಾಂತಿ ಒಪ್ಪಂದದಲ್ಲಿ ಗ್ರಾಮೀಣ ಭೂಮಿಯ ಹಕ್ಕುಪತ್ರ ಮುಖ್ಯ ವಿಷಯವಾಗಿತ್ತು. ಅಲ್ಲಿ ನೆದರ್ಲೆಂಡ್ಸ್‌ನ ಭೂದಾಖಲೆ ಸಂಸ್ಥೆಯ ನೆರವಿನಿಂದ, ಮೊಬೈಲ್ ಆ್ಯಪ್‌ಗೆ ಜೋಡಿಸಿದ ಆಂಟೆನಾ ಹಿಡಿದು ರೈತರೇ ತಮ್ಮ ಗಡಿಯ ಉದ್ದಕ್ಕೂ ನಡೆದರು. ಬಳಿಕ ಊರಿನ ಸಭೆಯಲ್ಲಿ ನಕ್ಷೆಯನ್ನು ಎಲ್ಲರ ಮುಂದಿಟ್ಟು, ನೆರೆಹೊರೆಯವರು ಪರಸ್ಪರ ಗಡಿಗೆ ಒಪ್ಪಿಗೆ ನೀಡುವ ಕ್ರಮವಿತ್ತು. ಒಬ್ಬನ ಗೆರೆಗೂ ಪಕ್ಕದವನ ಗೆರೆಗೂ ನಡುವಿನ ವ್ಯತ್ಯಾಸ ಸಣ್ಣದಿದ್ದರೆ ಎರಡನ್ನೂ ಒಂದಾಗಿಸುತ್ತಿದ್ದರು. ದೊಡ್ಡದಿದ್ದರೆ ಅದು ತಕರಾರೆಂದೇ ದಾಖಲಾಗುತ್ತಿತ್ತು. ಈ ಕೊನೆಯ ಅಂಶ ನನಗೆ ಬಹಳ ಹಿಡಿಸಿತು: ತಕರಾರನ್ನು ಮುಚ್ಚಿಡದೆ ನಕ್ಷೆಯಲ್ಲಿಯೇ ತೋರಿಸಿದರೆ ಉಳಿದವರ ಕೆಲಸ ನಿಲ್ಲುವುದಿಲ್ಲ.

ರುವಾಂಡಾ 2009ರಲ್ಲಿ ದೇಶವ್ಯಾಪಿ ನೋಂದಣಿ ಆರಂಭಿಸಿ, ತರಬೇತಿ ಪಡೆದ ಸ್ಥಳೀಯರಿಂದಲೇ ವೈಮಾನಿಕ ಚಿತ್ರಗಳ ಮೇಲೆ ಗಡಿ ಗುರುತಿಸಿ, ಕೆಲವೇ ವರ್ಷಗಳಲ್ಲಿ ಒಂದು ಕೋಟಿಗೂ ಹೆಚ್ಚು ತಾಕುಗಳನ್ನು ದಾಖಲಿಸಿತು. ಆದರೆ ಆಮೇಲಿನ ಮಾರಾಟ, ಪಾಲುಗಳ ನೋಂದಣಿ ಶುಲ್ಕ ಸಣ್ಣ ಹಿಡುವಳಿದಾರರಿಗೆ ಹೊರೆಯಾಗಿ, ಎಷ್ಟೋ ವ್ಯವಹಾರಗಳು ದಾಖಲೆಯ ಹೊರಗೇ ಉಳಿದವು. ನಮ್ಮ ಜಂಟಿ ಪಹಣಿಗಳ ಹುಟ್ಟೂ ಹೆಚ್ಚುಕಡಿಮೆ ಹೀಗೆಯೇ ಅಲ್ಲವೇ?

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ಇಬ್ಬರು ಸೋದರತ್ತೆಯರಿಗೂ ತಿಳಿಸಿ, ಪಕ್ಕದ ತೋಟದವರನ್ನೂ ಕರೆದು ಒಟ್ಟಿಗೆ ಗಡಿ ನಡೆಯಲು ನಿರ್ಧರಿಸಿದ್ದೇವೆ. ಟಿಪ್ಪಣಿ ಮತ್ತು ಆಕಾರಬಂದಿನ ನಕಲಿಗೆ ಈಗಲೇ ಅರ್ಜಿ ಹಾಕುತ್ತೇವೆ. ಮಳೆಗಾಲದಲ್ಲಿ ಅಗಳಿನ ತುಂಬ ನೀರು, ಕಲ್ಲುಗಳ ಮೇಲೆಲ್ಲ ಗಿಡಗಂಟಿ. ಅಡಿಕೆ ಕೊಯ್ಲು ಮುಗಿದ ಮೇಲೆ ಫೆಬ್ರವರಿಯಲ್ಲಿ ಸವರಿ ಹುಡುಕುವುದು ಸರಿಯೆನಿಸುತ್ತದೆ.